ಬ್ಯಾನರ್ ಸ್ಪಷ್ಟ, ಅಂಕಲ್ ಮಸುಕು: ಒಂದು ಕೆಟ್ಟ ಫೋಟೋ ನಮಗೆ ಕಲಿಸಿದ್ದು

ಕಳೆದ ಸೆಮಿಸ್ಟರ್ ಕೊನೆಯಲ್ಲಿ ನಮ್ಮ ವರ್ಕ್‌ಶಾಪ್ ಅಂಕಲ್ ರಿಟೈರ್ ಆದರು. ಫಸ್ಟ್ ಇಯರ್ ದಾಟಿದ ಎಲ್ಲರಿಗೂ ಅವರು ಗೊತ್ತು. ಫಿಟ್ಟಿಂಗ್ ಲ್ಯಾಬ್‌ನಲ್ಲಿ ಹ್ಯಾಕ್‌ಸಾ ಬ್ಲೇಡ್ ಮುರಿದುಕೊಂಡು ಪೆಚ್ಚುಮೋರೆ ಹಾಕಿ ನಿಂತವರಿಗೆ ಬೈಯದೆ ಇನ್ನೊಂದು ಬ್ಲೇಡ್ ಕೊಟ್ಟವರು ಅವರೇ. ಸೆಮಿನಾರ್ ಹಾಲ್‌ನಲ್ಲಿ ಅವರಿಗೊಂದು ಬೀಳ್ಕೊಡುಗೆ ಇಟ್ಟುಕೊಂಡಿದ್ದೆವು. ಫೋಟೋ ತೆಗೆಯೋ ಕೆಲಸ ನಮ್ಮ ಮೂವರ ತಲೆಗೆ ಬಿತ್ತು. ಯಾಕಂದ್ರೆ ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಂದು ಡಿಎಸ್‌ಎಲ್‌ಆರ್ ಇದೆ. ನಮ್ಮಲ್ಲೊಬ್ಬನಿಗೆ ಅವನ ಮಾವ ಕೊಟ್ಟ ಹಳೇ ಕ್ಯಾಮೆರಾ, ಜೊತೆಗೆ 18-55 ಎಂಎಂ ಕಿಟ್ ಲೆನ್ಸ್. ಕ್ಯಾಮೆರಾ ಇದ್ದವರಿಗೆ ಫೋಟೋಗ್ರಫಿ ಬರುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು.

ಆವತ್ತು ನಾಲ್ಕುನೂರಕ್ಕೂ ಹೆಚ್ಚು ಫೋಟೋ ತೆಗೆದೆವು. ಕ್ಯಾಮೆರಾದ ಪುಟ್ಟ ಸ್ಕ್ರೀನ್‌ನಲ್ಲಿ ಎಲ್ಲವೂ ಚೆನ್ನಾಗೇ ಕಂಡವು. ಮಾರನೇ ದಿನ ಅಂಕಲ್ ಸಿಕ್ಕು, "ಆ ಮೈಸೂರು ಪೇಟ ಹಾಕಿದ್ದು ಒಂದು ಕೊಡ್ರಪ್ಪ, ಫ್ರೇಮ್ ಹಾಕಿಸ್ಬೇಕು. ಮೊಮ್ಮಗಳು ತೊಡೆ ಮೇಲಿದ್ಳಲ್ಲ, ಅದು" ಅಂದರು. ರೂಮಿಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ಆ ಫೋಟೋ ತೆರೆದು ಜೂಮ್ ಮಾಡಿದೆವು. ಹಿಂದಿನ ಬ್ಯಾನರ್ ಮೇಲಿನ ಪ್ರತಿ ಅಕ್ಷರ ಓದಬಹುದಿತ್ತು. ಅಂಕಲ್ ಮುಖ ಮಾತ್ರ ಕಲಸಿಹೋಗಿತ್ತು. ಪೇಟ ಹಾಕುವ ಹೊತ್ತಿನ ಹನ್ನೊಂದು ಫೋಟೋಗಳಲ್ಲಿ ಹನ್ನೊಂದೂ ಹಾಗೇ. ಪಾಪು ಅಂತೂ ಒಂದರಲ್ಲೂ ನೆಟ್ಟಗಿರಲಿಲ್ಲ.

ಈ ಲೇಖನ ಆ ಹನ್ನೊಂದು ಫೋಟೋಗಳ ಪೋಸ್ಟ್‌ಮಾರ್ಟಂ. ನಮ್ಮ ಹುಚ್ಚು ಕಲಿಕೆಯಾಗಿ ತಿರುಗಿದ್ದು ಅಲ್ಲಿಂದಲೇ. ಒಳ್ಳೆ ಫೋಟೋಗಳನ್ನು ನೋಡಿ ಖುಷಿಪಡೋದು ಸುಲಭ. ಆದರೆ ನಮ್ಮದೇ ಕೆಟ್ಟ ಫೋಟೋ ಮುಂದೆ ಕೂತು "ಇದು ಯಾಕೆ ಹೀಗಾಯ್ತು" ಅಂತ ಕೇಳಿದಾಗ ಮಾತ್ರ ಏನಾದರೂ ತಲೆಗೆ ಹೋಗುತ್ತೆ.

ಫೈಲ್ ಒಳಗೇ ಇತ್ತು ಉತ್ತರ

ಡಿಜಿಟಲ್ ಫೋಟೋ ಅಂದರೆ ಬರೀ ಚಿತ್ರ ಅಲ್ಲ. ತೆಗೆದಾಗ ಸೆಟ್ಟಿಂಗ್ ಏನಿತ್ತು ಅನ್ನೋದನ್ನೂ ಕ್ಯಾಮೆರಾ ಅದೇ ಫೈಲ್‌ನಲ್ಲಿ ಬರೆದಿಡುತ್ತೆ. ಇದಕ್ಕೆ ಎಕ್ಸಿಫ್ ಡೇಟಾ ಅಂತ ಹೆಸರು. ಲ್ಯಾಪ್‌ಟಾಪ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ ಕಾಣುತ್ತೆ. ಮೊಬೈಲ್‌ನಲ್ಲಿ ಗ್ಯಾಲರಿಯ ಡೀಟೇಲ್ಸ್‌ನಲ್ಲಿ ಸಿಗುತ್ತೆ. ನಮ್ಮ ಫೋಟೋದಲ್ಲಿ ಇದ್ದದ್ದು ಇಷ್ಟು: ಶಟರ್ 1/15 ಸೆಕೆಂಡ್, ಅಪರ್ಚರ್ ಎಫ್/5.6, ಐಎಸ್‌ಒ 800, ಫೋಕಲ್ ಲೆಂಗ್ತ್ 55 ಎಂಎಂ.

ಶಟರ್ ಸ್ಪೀಡ್ ಅಂದರೆ ಸೆನ್ಸರ್ ಎಷ್ಟು ಹೊತ್ತು ಬೆಳಕು ಕುಡಿಯುತ್ತೆ ಅನ್ನೋದು. ಅಪರ್ಚರ್ ಅಂದರೆ ಲೆನ್ಸ್ ಒಳಗಿನ ಕಿಂಡಿ ಎಷ್ಟು ತೆರೆದಿದೆ ಅನ್ನೋದು. ಐಎಸ್‌ಒ ಅಂದರೆ ಸಿಕ್ಕ ಸಿಗ್ನಲ್ ಅನ್ನು ಎಷ್ಟು ವರ್ಧಿಸಬೇಕು ಅನ್ನೋದು, ನಮ್ಮ ಅನಲಾಗ್ ಎಲೆಕ್ಟ್ರಾನಿಕ್ಸ್ ಲ್ಯಾಬ್‌ನ ಆಂಪ್ಲಿಫೈಯರ್ ಗೇನ್ ಇದ್ದ ಹಾಗೆ. ಫೋಟೋ ಎಷ್ಟು ಬೆಳಗಿದೆ ಅನ್ನೋದನ್ನು ಈ ಮೂರೂ ಸೇರಿ ತೀರ್ಮಾನಿಸುತ್ತವೆ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಏರಿಸಬೇಕು. ಇದನ್ನು ನಾವು ವಿಡಿಯೋಗಳಲ್ಲಿ ಹತ್ತು ಸಲ ನೋಡಿದ್ದೆವು. ಆದರೂ ಸೆಮಿನಾರ್ ಹಾಲ್‌ನಲ್ಲಿ ಮಣ್ಣು ಮುಕ್ಕಿದೆವು.

ಮಸುಕಿನಲ್ಲೂ ಮೂರು ಥರ

ಫೋಟೋ ಶೇಕ್ ಆಗಿದೆ ಅಂತ ಒಂದೇ ಮಾತಲ್ಲಿ ಹೇಳಿಬಿಡ್ತೀವಿ. ಆದರೆ ಮಸುಕಿಗೆ ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ.

ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಅದು ಕೈ ಅಲುಗಿದ್ದು. ಮುಖ ಮಸುಕಾಗಿ, ಅವರ ಹಿಂದಿನ ಅಥವಾ ಮುಂದಿನ ವಸ್ತು ಸ್ಪಷ್ಟವಾಗಿದ್ದು, ಮಸುಕು ಎಲ್ಲ ಕಡೆಗೂ ಸಮನಾಗಿ ಹರಡಿದ್ದರೆ ಫೋಕಸ್ ತಪ್ಪಿದೆ ಅಂತ ಅರ್ಥ. ನಿಂತ ವಸ್ತುಗಳೆಲ್ಲ ಸ್ಪಷ್ಟವಾಗಿದ್ದು, ಅಲುಗುವ ಮುಖ, ಕೈ ಮಾತ್ರ ಗೀರು ಎಳೆದ ಹಾಗಿದ್ದರೆ ಎದುರಿಗಿದ್ದವರು ಚಲಿಸಿದ್ದಾರೆ. ನಮ್ಮದು ಮೂರನೇ ಜಾತಿ. ಅಂಕಲ್ ಜೊತೆ ಕುರ್ಚಿ, ಟೇಬಲ್ ಕೂಡ ಸ್ಪಷ್ಟವಾಗಿದ್ದವು. ಲೆನ್ಸ್‌ನಲ್ಲಿ ಸ್ಟೆಬಿಲೈಸೇಷನ್ ಇತ್ತು, ಹಾಗಾಗಿ ಬ್ಯಾನರ್ ಬಚಾವಾಯಿತು. ಸ್ಟೆಬಿಲೈಸೇಷನ್ ನಮ್ಮ ಕೈ ನಡುಕವನ್ನು ಸರಿಮಾಡುತ್ತೆ, ಎದುರಿಗಿದ್ದವರು ತಲೆ ಆಡಿಸಿದರೆ ಅದರಿಂದ ಏನೂ ಆಗಲ್ಲ.

ಒಂದು ಚಿಕ್ಕ ಲೆಕ್ಕ ಹಾಕಿ ನೋಡಿ. ಮಾತಾಡುವಾಗ ತಲೆ ಸೆಕೆಂಡಿಗೆ 30 ಸೆಂಟಿಮೀಟರ್ ವೇಗದಲ್ಲಿ ತಿರುಗಿತು ಅಂತಿಟ್ಟುಕೊಳ್ಳಿ. 1/15 ಸೆಕೆಂಡ್‌ನಲ್ಲಿ ಅದು 2 ಸೆಂಟಿಮೀಟರ್ ಸರಿದಿರುತ್ತೆ. ಅಂದರೆ ಕಣ್ಣು ಇದ್ದ ಜಾಗದಲ್ಲಿ ಮೂಗು. 1/125 ಇಟ್ಟಿದ್ದರೆ ಸರಿಯೋದು ಬರೀ 2.4 ಮಿಲಿಮೀಟರ್. ಫಸ್ಟ್ ಸೆಮ್ ಫಿಸಿಕ್ಸ್ ಕೂಡ ಬೇಡ, ಹೈಸ್ಕೂಲ್ ಲೆಕ್ಕ ಸಾಕು. ಆದರೆ ಈ ಲೆಕ್ಕವನ್ನು ನಾವು ಕ್ಯಾಮೆರಾ ಹಿಡಿದಾಗ ಯಾವತ್ತೂ ಹಾಕಿರಲಿಲ್ಲ.

ಆಮೇಲೆ ಒಂದು ವಾರ ಹಾಸ್ಟೆಲ್ ಕಾರಿಡಾರ್‌ನಲ್ಲಿ ಇದನ್ನೇ ಪ್ರಾಕ್ಟೀಸ್ ಮಾಡಿದೆವು. ಒಬ್ಬ ನಡೆಯೋದು, ಇನ್ನೊಬ್ಬ 1/15, 1/30, 1/60, 1/125, 1/250 ಹೀಗೆ ಒಂದೊಂದರಲ್ಲೂ ಐದೈದು ಫೋಟೋ ತೆಗೆಯೋದು, ಮೂರನೆಯವನು ನೋಟ್‌ಬುಕ್‌ನಲ್ಲಿ ಬರೆಯೋದು. ಸುಮ್ಮನೆ ಕೂತು ಮಾತಾಡುವವರಿಗೆ 1/125, ನಡೆಯುವವರಿಗೆ 1/250, ಡ್ಯಾನ್ಸ್ ಮತ್ತು ವಾಲಿಬಾಲ್‌ಗೆ 1/500 ಅಥವಾ ಇನ್ನೂ ಜಾಸ್ತಿ ಅಂತ ನಮ್ಮ ಕೈಗೆ ಬಂತು. ಕೈ ಅಲುಗಾಟಕ್ಕೂ ಒಂದು ಹಳೇ ಅಂದಾಜು ಇದೆ: ಫೋಕಲ್ ಲೆಂಗ್ತ್ ಎಷ್ಟೋ, ಶಟರ್ ಛೇದ ಅದಕ್ಕಿಂತ ಕಡಿಮೆ ಇರಬಾರದು. ನಮ್ಮಂಥ ಚಿಕ್ಕ ಸೆನ್ಸರ್ ಕ್ಯಾಮೆರಾಗಳಲ್ಲಿ ಅದನ್ನು ಸುಮಾರು 1.5ರಿಂದ ಗುಣಿಸಬೇಕು. 55 ಎಂಎಂಗೆ 82 ಬರುತ್ತೆ, ಅಂದರೆ ಕನಿಷ್ಠ 1/80.

ಕಿಂಡಿ ಎಷ್ಟು ದೊಡ್ಡದು?

ಸರಿ, ಶಟರ್ ಜಾಸ್ತಿ ಮಾಡಿದರೆ ಬೆಳಕು ಕಡಿಮೆ ಆಯ್ತು. ಅಪರ್ಚರ್ ತೆರೆಯೋಣ ಅಂದರೆ ಕಿಟ್ ಲೆನ್ಸ್ ಅಲ್ಲಿ ಕೈ ಕೊಡುತ್ತೆ. 18 ಎಂಎಂನಲ್ಲಿ ಅದು ಎಫ್/3.5ವರೆಗೆ ತೆರೆಯುತ್ತೆ, 55ಕ್ಕೆ ಜೂಮ್ ಮಾಡಿದರೆ ಎಫ್/5.6ಕ್ಕೆ ನಿಂತುಬಿಡುತ್ತೆ.

ಎಫ್ ನಂಬರ್ ನೋಡಿ ನಮಗೂ ಮೊದಲು ತಲೆ ಕೆಟ್ಟಿತ್ತು. ನಂಬರ್ ದೊಡ್ಡದಾದರೆ ಕಿಂಡಿ ಚಿಕ್ಕದು, ಯಾಕೆ? ಅದೊಂದು ಭಾಗಾಕಾರ ಅಷ್ಟೇ. ಫೋಕಲ್ ಲೆಂಗ್ತ್ ಅನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಎಫ್ ನಂಬರ್ ಬರುತ್ತೆ. 55 ಎಂಎಂ, ಎಫ್/5.6 ಅಂದರೆ ವ್ಯಾಸ ಸುಮಾರು 10 ಮಿಲಿಮೀಟರ್. 50 ಎಂಎಂ, ಎಫ್/1.8 ಲೆನ್ಸ್‌ನಲ್ಲಿ ಸುಮಾರು 28 ಮಿಲಿಮೀಟರ್. 1.4, 2, 2.8, 4, 5.6, 8 ಅಂತ ವಿಚಿತ್ರವಾಗಿ ಹೋಗೋ ಸರಣಿಯ ಗುಟ್ಟೂ ಇದೇ. ಪ್ರತಿ ಹೆಜ್ಜೆಯಲ್ಲೂ ಸಂಖ್ಯೆ ವರ್ಗಮೂಲ 2ರಷ್ಟು ಏರುತ್ತೆ, ಕಿಂಡಿಯ ವಿಸ್ತೀರ್ಣ ಅರ್ಧಕ್ಕೆ ಇಳಿಯುತ್ತೆ, ಬೆಳಕೂ ಅರ್ಧ ಆಗುತ್ತೆ. ಈ ಒಂದು ಹೆಜ್ಜೆಗೆ ಸ್ಟಾಪ್ ಅಂತಾರೆ. ಎಫ್/5.6ರಿಂದ ಎಫ್/1.8ಕ್ಕೆ ಹೋದರೆ ಬೆಳಕು ಹೆಚ್ಚುಕಮ್ಮಿ ಹತ್ತು ಪಟ್ಟು. ಅದಕ್ಕೇ 50 ಎಂಎಂ ಎಫ್/1.8 ಅನ್ನು ಸೀನಿಯರ್‌ಗಳೆಲ್ಲ "ಮೊದಲು ಇದನ್ನ ತಗೊಳ್ರೋ" ಅಂತ ಹೇಳೋದು.

ಆದರೆ ಕಿಂಡಿ ದೊಡ್ಡದಾದಷ್ಟೂ ಸ್ಪಷ್ಟವಾಗಿ ಕಾಣುವ ಆಳ ತೆಳ್ಳಗಾಗುತ್ತೆ. ಎಫ್/1.8ರಲ್ಲಿ ಹತ್ತಿರದಿಂದ ತೆಗೆದರೆ ಅಂಕಲ್ ಕಣ್ಣು ಸ್ಪಷ್ಟ, ಕಿವಿ ಮಸುಕು ಆಗಬಹುದು. ಗ್ರೂಪ್ ಫೋಟೋದಲ್ಲಂತೂ ಮುಂದಿನ ಸಾಲಿಗೆ ಫೋಕಸ್ ಆದರೆ ಹಿಂದಿನ ಸಾಲಿನವರು ಜಗಳಕ್ಕೆ ಬರ್ತಾರೆ. ಎರಡು ಸಾಲಿಗಿಂತ ಜಾಸ್ತಿ ಜನ ಇದ್ದರೆ ನಾವು ಈಗ ಎಫ್/5.6 ಅಥವಾ ಎಫ್/8ಕ್ಕೆ ಹೋಗ್ತೀವಿ.

ನಾಯ್ಸ್ ಅನ್ನೋ ಭೂತ

ಅಸಲಿ ತಪ್ಪು ಇಲ್ಲಿತ್ತು. ಐಎಸ್‌ಒ 800 ದಾಟಬಾರದು, ದಾಟಿದರೆ ಫೋಟೋ ತುಂಬ ಕಾಳುಕಾಳು ಅಂತ ಯಾವುದೋ ವಿಡಿಯೋದಲ್ಲಿ ಕೇಳಿ, ಅದನ್ನೇ ವೇದವಾಕ್ಯ ಮಾಡಿಕೊಂಡಿದ್ದೆವು. ಆ ಹಾಲ್‌ನ ಬೆಳಕಿಗೆ 1/15ರಿಂದ 1/125ಕ್ಕೆ ಹೋಗಬೇಕಿದ್ದರೆ ಬೆಳಕು ಎಂಟು ಪಟ್ಟು ಕಡಿಮೆ, ಅಂದರೆ ಮೂರು ಸ್ಟಾಪ್. ಐಎಸ್‌ಒ 800 ಇದ್ದದ್ದು 1600, 3200, 6400. ಮೂರು ಹೆಜ್ಜೆ ಅಷ್ಟೇ. ನಮ್ಮ ಹಳೇ ಕ್ಯಾಮೆರಾದಲ್ಲೂ 6400 ಇತ್ತು. ಒಂದು ಡಯಲ್ ತಿರುಗಿಸಿದ್ದರೆ ಫೋಟೋ ಸಿಗುತ್ತಿತ್ತು. ಕ್ಯಾಮೆರಾವನ್ನು ಫುಲ್ ಆಟೋದಲ್ಲಿ ಬಿಟ್ಟಿದ್ದರೂ ಬಹುಶಃ ಇದಕ್ಕಿಂತ ವಾಸಿ ಬರುತ್ತಿತ್ತು. ಅರ್ಧ ಕಲಿತವರ ಮ್ಯಾನ್ಯುಯಲ್ ಮೋಡ್ ಏನೂ ಕಲಿಯದವರ ಆಟೋಗಿಂತ ಕೆಟ್ಟದ್ದು ಅಂತ ಆವತ್ತು ಒಪ್ಪಿಕೊಂಡೆವು.

ನಾಯ್ಸ್ ಎಲ್ಲಿಂದ ಬರುತ್ತೆ ಅಂತಲೂ ಸರಿಯಾಗಿ ಗೊತ್ತಿರಲಿಲ್ಲ. ಬೆಳಕು ಅಂದರೆ ಫೋಟಾನ್‌ಗಳು, ಅವು ಮಳೆಹನಿಗಳ ಥರ ಲೆಕ್ಕ ತಪ್ಪಿ ಬೀಳುತ್ತವೆ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಫೋಟಾನ್ ಸಿಗೋ ಕಡೆ ಏರುಪೇರು ಸುಮಾರು 10, ಯಾಕಂದ್ರೆ ಅದು ವರ್ಗಮೂಲದ ಲೆಕ್ಕ. ಅಂದರೆ ನೂರಕ್ಕೆ 10ರಷ್ಟು ಗಲೀಜು. 10,000 ಫೋಟಾನ್ ಸಿಕ್ಕರೆ ಏರುಪೇರು 100, ಅಂದರೆ ನೂರಕ್ಕೆ 1 ಮಾತ್ರ. ಹಾಗಾಗಿ ಮುಖ್ಯ ಅಪರಾಧಿ ಐಎಸ್‌ಒ ಅಲ್ಲ, ಕಡಿಮೆ ಬೆಳಕು. ಐಎಸ್‌ಒ ಏರಿಸಿದಾಗ ಆ ಬಡತನ ಕಣ್ಣಿಗೆ ಕಾಣುತ್ತೆ, ಅಷ್ಟೇ.

ಮೊಬೈಲ್‌ನ ನೈಟ್ ಮೋಡ್ ಇದೇ ವರ್ಗಮೂಲವನ್ನು ತಿರುಗಿಸಿ ಉಪಯೋಗಿಸಿಕೊಳ್ಳುತ್ತೆ. ಅದು ಒಂದರ ಬದಲು ಸಾಲಾಗಿ ಹಲವು ಫ್ರೇಮ್ ತೆಗೆದು ಒಂದರ ಮೇಲೊಂದು ಕೂರಿಸಿ ಸರಾಸರಿ ಮಾಡುತ್ತೆ. 16 ಫ್ರೇಮ್ ಸೇರಿಸಿದರೆ ನಾಯ್ಸ್ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತೆ. ಇಸಿ ಬ್ರಾಂಚ್‌ನವರು ಸಿಗ್ನಲ್ಸ್ ಕ್ಲಾಸ್‌ನಲ್ಲಿ ಓದೋ ಆವರೇಜಿಂಗ್ ನಮ್ಮ ಜೇಬಿನಲ್ಲೇ ಇದೆ.

ಇಷ್ಟೆಲ್ಲ ತಿಳಿದ ಮೇಲೆ ಅದೇ ಸೆಮಿನಾರ್ ಹಾಲ್‌ಗೆ ಹೋಗಿ, ಅದೇ ಲೈಟ್ ಹಾಕಿ, ಅದೇ ಕುರ್ಚಿಯಲ್ಲಿ ಒಬ್ಬನನ್ನು ಕೂರಿಸಿ 6400ರಲ್ಲಿ ತೆಗೆದೆವು. ಕಾಳುಕಾಳು ಇತ್ತು, ನಿಜ. ಆದರೆ ಎ4 ಸೈಜ್ ಪ್ರಿಂಟ್ ಹಾಕಿಸಿ ತೋಳಿನ ದೂರದಲ್ಲಿ ಹಿಡಿದರೆ ಯಾರೂ ಅದನ್ನು ಗಮನಿಸಲ್ಲ. ಕಾಳು ಇರುವ ಮುಖವನ್ನು ಮನೆಯವರು ಗುರುತು ಹಿಡಿತಾರೆ. ಕಲಸಿಹೋದ ಮುಖಕ್ಕೆ ಯಾವ ಎಡಿಟಿಂಗ್ ಆ್ಯಪ್‌ನಲ್ಲೂ ಮದ್ದಿಲ್ಲ.

ಬಿಳಿ ಪಂಚೆ, ಪಟ್ಟಿ ಪಟ್ಟಿ ಬೆಳಕು

ಒಂದು ತಪ್ಪು ಹಿಡಿದ ಮೇಲೆ ಬೇರೆ ತಪ್ಪುಗಳೂ ಕಣ್ಣಿಗೆ ಬೀಳತೊಡಗಿದವು. ಎರಡು ಹೇಳ್ತೀವಿ, ನಿಮಗೂ ಬರುತ್ತೆ.

ಎಥ್ನಿಕ್ ಡೇ ದಿನ ಬಿಳಿ ಪಂಚೆ, ಬಿಳಿ ಶರ್ಟ್ ಹಾಕಿದ ಗ್ಯಾಂಗ್ ಸಾಲಾಗಿ ನಿಂತರೆ ಫೋಟೋದಲ್ಲಿ ಪಂಚೆ ಬೂದಿ ಬಣ್ಣ, ಮುಖ ಕಪ್ಪು ಕಪ್ಪು. ಯಾಕಂದ್ರೆ ಕ್ಯಾಮೆರಾದ ಲೈಟ್ ಮೀಟರ್‌ಗೆ ಪಂಚೆ ಯಾವುದು, ಗೋಡೆ ಯಾವುದು ಗೊತ್ತಿಲ್ಲ. ದೃಶ್ಯ ಒಟ್ಟಾರೆ ಮಧ್ಯಮ ಬೂದು ಇರುತ್ತೆ ಅಂತ ಅದು ಊಹೆ ಮಾಡುತ್ತೆ. ಬಿಳಿ ಜಾಸ್ತಿ ಕಂಡರೆ ಬೆಳಕು ಜಾಸ್ತಿ ಆಯ್ತು ಅಂದುಕೊಂಡು ಕಡಿಮೆ ಮಾಡಿಬಿಡುತ್ತೆ. ಅಂಥ ಕಡೆ ಎಕ್ಸ್‌ಪೋಶರ್ ಕಾಂಪೆನ್ಸೇಷನ್ ಅನ್ನು ಪ್ಲಸ್ 1ರ ಹತ್ತಿರ ಇಡಬೇಕು. ಕಪ್ಪು ಬ್ಲೇಜರ್ ಗುಂಪಿಗೆ ಇದರ ಉಲ್ಟಾ, ಮೈನಸ್ ಕಡೆಗೆ.

ಎರಡನೆಯದು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಆಗಿದ್ದು. ಡೊಳ್ಳು ಕುಣಿತವನ್ನು ಮೊಬೈಲ್‌ನ ಪ್ರೋ ಮೋಡ್‌ನಲ್ಲಿ 1/500 ಇಟ್ಟು ತೆಗೆದೆವು. ಫೋಟೋ ತುಂಬ ಅಡ್ಡ ಪಟ್ಟಿಗಳು, ಒಂದು ಬೆಳಕು, ಒಂದು ಕತ್ತಲೆ. ನಮ್ಮ ದೇಶದ ಕರೆಂಟ್ 50 ಹರ್ಟ್ಸ್. ಪ್ರತಿ ಸೈಕಲ್‌ನಲ್ಲಿ ಎರಡು ಸಲ ಏರಿಳಿಯೋದರಿಂದ ಅಗ್ಗದ ಎಲ್‌ಇಡಿ ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ನಮ್ಮ ಕಣ್ಣಿಗೆ ಗೊತ್ತಾಗಲ್ಲ. ಆದರೆ ಮೊಬೈಲ್ ಸೆನ್ಸರ್ ಚಿತ್ರವನ್ನು ಒಂದೊಂದೇ ಸಾಲಾಗಿ ಓದುತ್ತೆ, ಹಾಗಾಗಿ ಕೆಲವು ಸಾಲಿಗೆ ಬೆಳಕಿನ ಹೊತ್ತು, ಕೆಲವಕ್ಕೆ ಕತ್ತಲೆ ಹೊತ್ತು. ಶಟರ್ ಅನ್ನು 1/100 ಅಥವಾ 1/50ಕ್ಕೆ ಇಟ್ಟರೆ ಪ್ರತಿ ಸಾಲಿಗೂ ಪೂರ್ತಿ ಮಿಣುಕು ಸಿಗುತ್ತೆ, ಪಟ್ಟಿ ಮಾಯ. ಹಾಗಾಗಿ ಎಲ್‌ಇಡಿ ಇರೋ ಹಾಲ್‌ಗಳಲ್ಲಿ ಕೂತವರನ್ನು ತೆಗೆಯುವಾಗ ನಾವೀಗ 1/125 ಬದಲು 1/100 ಇಡ್ತೀವಿ.

36 ಫೋಟೋ ಮಾತ್ರ

ಸೆಟ್ಟಿಂಗ್ ಎಲ್ಲ ಸರಿ ಇದ್ದರೂ ಫೋಟೋ ಸಪ್ಪೆ ಇರಬಹುದು. ಇದು ನಮಗೆ ಅರ್ಥವಾಗಿದ್ದು ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿದಾಗ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸತ್ಯನ್ ದೇಶದ ಹೆಸರಾಂತ ಫೋಟೋ ಜರ್ನಲಿಸ್ಟ್‌ಗಳಲ್ಲಿ ಒಬ್ಬರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕೇಂದ್ರ ಕಚೇರಿಯಲ್ಲಿ ನಡೆಯಿತು. ಅವರು ಬಹಳಷ್ಟು ತೆಗೆದದ್ದು ಸಾಮಾನ್ಯ ಜನರನ್ನೇ, ಅವರವರ ದಿನನಿತ್ಯದ ಕೆಲಸದ ನಡುವೆ. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರೂ ಆಗಿದ್ದರು, ಕಾಡುಪ್ರಾಣಿಗಳ ಕಪ್ಪುಬಿಳುಪು ಚಿತ್ರಗಳಿಗೂ ಹೆಸರಾಗಿದ್ದರು. ನಮ್ಮ ತೇಜಸ್ವಿಯವರಂತೂ ಮೂಡಿಗೆರೆ ಸುತ್ತಮುತ್ತ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದವರು. ಬರವಣಿಗೆ, ತೋಟ, ರಾಜಕೀಯ ಎಲ್ಲ ಇದ್ದೂ ಇವರಿಗೆ ಟೈಮ್ ಸಿಕ್ಕಿತ್ತು. ಇಂಟರ್ನಲ್ಸ್ ಇದೆ ಅಂತ ನೆಪ ಹೇಳೋ ನಮಗೆ ಸ್ವಲ್ಪ ನಾಚಿಕೆಯಾಯಿತು.

ಇವರೆಲ್ಲ ಬಹುಕಾಲ ದುಡಿದದ್ದು ಫಿಲ್ಮ್‌ನಲ್ಲಿ. ಸಾಮಾನ್ಯ 35 ಎಂಎಂ ರೋಲ್ ಅಂದರೆ 36 ಫೋಟೋ, ಅದೂ ಡೆವಲಪ್ ಮಾಡೋವರೆಗೆ ಏನು ಬಂದಿದೆ ಅಂತ ಗೊತ್ತಾಗಲ್ಲ. ಹಾಗಾಗಿ ಕ್ಲಿಕ್ ಮಾಡೋ ಮೊದಲೇ ಯೋಚನೆ ಮಾಡಬೇಕಿತ್ತು. ನಾವೂ ಒಂದು ಆಟ ಶುರುಮಾಡಿದೆವು. ಭಾನುವಾರ ಒಬ್ಬೊಬ್ಬರಿಗೆ 36 ಕ್ಲಿಕ್ ಮಾತ್ರ, ಸ್ಕ್ರೀನ್ ನೋಡೋ ಹಾಗಿಲ್ಲ, ಸಂಜೆ ರೂಮಿನಲ್ಲಿ ಎಲ್ಲರ ಮುಂದೆ ತೆರೆಯಬೇಕು. ಮೊದಲ ವಾರ ಇಪ್ಪತ್ತು ನಿಮಿಷದಲ್ಲಿ 36 ಮುಗಿಸಿ ಕೈ ಕೈ ಹಿಸುಕಿಕೊಂಡೆವು. ನಾಲ್ಕನೇ ವಾರ ಮೆಸ್ ಹಿಂಭಾಗದಲ್ಲಿ ಚಪಾತಿ ಬೇಯಿಸೋ ಅಣ್ಣನ ಎದುರು ಮುಕ್ಕಾಲು ಗಂಟೆ ನಿಂತು ನಾಲ್ಕೇ ಫೋಟೋ ತೆಗೆದೆವು. ಅದರಲ್ಲಿ ಎರಡು ಈಗಲೂ ನಮ್ಮ ಗೋಡೆ ಮೇಲಿವೆ. ನೋಡ್ತಾ ನಿಂತರೆ ಒಂದು ವಿಷಯ ಗೊತ್ತಾಗುತ್ತೆ. ಪ್ರತಿಯೊಬ್ಬರ ಕೆಲಸಕ್ಕೂ ಒಂದು ಲಯ ಇದೆ. ಚಪಾತಿ ಉಬ್ಬುವ ಹೊತ್ತಿಗೆ ಅಣ್ಣ ಒಂದು ಕ್ಷಣ ಸುಮ್ಮನಾಗ್ತಾರೆ. ಆ ಕ್ಷಣ ಮೊದಲೇ ಗೊತ್ತಿದ್ದರೆ 1/60 ಕೂಡ ಸಾಕು.

ಆಗ ಪೇಟದ ಫೋಟೋ ಮತ್ತೆ ನೆನಪಾಯಿತು. ಪೇಟ ಹಾಕಿದ ಮೇಲೆ ಪ್ರಿನ್ಸಿಪಾಲ್ ಕೈಕುಲುಕಿ, ಎಲ್ಲರೂ ಕ್ಯಾಮೆರಾ ಕಡೆ ತಿರುಗಿ ಎರಡು ಸೆಕೆಂಡ್ ನಿಂತಿದ್ದರು. ಆಗ ನಾವು ಏನು ಮಾಡ್ತಿದ್ದೆವು? ಹಿಂದಿನ ಫೋಟೋ ಹೇಗೆ ಬಂದಿದೆ ಅಂತ ಸ್ಕ್ರೀನ್ ನೋಡ್ತಿದ್ದೆವು.

ಮತ್ತೆ ವರ್ಕ್‌ಶಾಪ್‌ಗೆ

ನಿಜ ಹೇಳದೆ ವಿಧಿ ಇರಲಿಲ್ಲ. ಪೆನ್ಷನ್ ಕಾಗದಪತ್ರಕ್ಕೆ ಅಂತ ಅಂಕಲ್ ಕಾಲೇಜಿಗೆ ಬಂದಾಗ ಹೋಗಿ, "ಅಂಕಲ್, ಆ ಫೋಟೋ ಹಾಳಾಗಿದೆ. ತಪ್ಪು ನಮ್ಮದೇ" ಅಂದೆವು. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಬ್ಲೇಡ್ ಮುರಿದ್ರೆ ಏನ್ ಮಾಡ್ತಿದ್ರಿ? ಇನ್ನೊಂದು ಹಾಕಿ ಕುಯ್ತಿದ್ರಲ್ಲ. ಬನ್ನಿ" ಅಂತ ವರ್ಕ್‌ಶಾಪ್ ಬಾಗಿಲು ತೆಗೆಸಿದರು.

ಬೆಳಗ್ಗೆ ಹತ್ತೂವರೆ. ಪೂರ್ವದ ಕಿಟಕಿಯಿಂದ ಬೆಳಕು ಬೆಂಚ್ ವೈಸ್ ಮೇಲೆ ಬೀಳುತ್ತಿತ್ತು. ಟ್ಯೂಬ್‌ಲೈಟ್ ಆರಿಸಿದೆವು, ಎರಡು ಥರದ ಬೆಳಕು ಬೆರೆತರೆ ಚರ್ಮದ ಬಣ್ಣ ಕೆಡುತ್ತೆ ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ಅಂಕಲ್ ಅನ್ನು ಕಿಟಕಿಗೆ ಬೆನ್ನು ಹಾಕಿಸದೆ ಪಕ್ಕಕ್ಕೆ ನಿಲ್ಲಿಸಿದೆವು. ಸೀನಿಯರ್ ಹತ್ತಿರ ಇಸಕೊಂಡ 50 ಎಂಎಂ ಲೆನ್ಸ್, ಎಫ್/2.8, 1/125, ಐಎಸ್‌ಒ 400. ಅವರು ಅಭ್ಯಾಸಬಲದಿಂದ ವೈಸ್ ಹಿಡಿ ತಿರುಗಿಸಿ, ಬಿಗಿಯಾಗಿದೆಯಾ ಅಂತ ಒತ್ತಿ ನೋಡಿ, ತಲೆ ಎತ್ತಿದರು. ಆ ಹೊತ್ತಿಗೆ ಕಾದಿದ್ದೆವು. ಒಟ್ಟು ಒಂಬತ್ತು ಫೋಟೋ ತೆಗೆದೆವು, ಆರು ಚೆನ್ನಾಗಿ ಬಂದವು.

ಪ್ರಿಂಟ್ ಹಾಕಿಸಿ ಕೊಟ್ಟಾಗ ಅಂಕಲ್‌ಗೆ ಇಷ್ಟವಾಯಿತು. ಆದರೆ ಅದರಲ್ಲಿ ಪೇಟ ಇಲ್ಲ, ತೊಡೆ ಮೇಲೆ ಮೊಮ್ಮಗಳೂ ಇಲ್ಲ. ಆ ಫೋಟೋ ಇನ್ನು ಯಾವತ್ತೂ ಸಿಗಲ್ಲ. ಆ ಹನ್ನೊಂದು ಫೈಲ್‌ಗಳನ್ನು ನಾವು ಡಿಲೀಟ್ ಮಾಡಿಲ್ಲ. ಯಾವುದಾದರೂ ಫಂಕ್ಷನ್‌ಗೆ ಫೋಟೋ ತೆಗೆಯಲು ಹೊರಡುವ ಮುಂಚೆ ಒಂದು ಸಲ ತೆರೆದು ನೋಡ್ತೀವಿ.

ನೀವೂ ಶುರು ಮಾಡಬೇಕು ಅಂತಿದ್ದರೆ ಕ್ಯಾಮೆರಾ ಕೊಳ್ಳೋವರೆಗೆ ಕಾಯಬೇಡಿ. ಮೊಬೈಲ್‌ನ ಪ್ರೋ ಮೋಡ್ ಸಾಕು. ಇವತ್ತು ರಾತ್ರಿ ಗ್ಯಾಲರಿ ತೆರೆದು ನಿಮ್ಮ ಅತ್ಯಂತ ಕೆಟ್ಟ ಹತ್ತು ಫೋಟೋ ಆರಿಸಿ. ಒಂದೊಂದರ ಡೀಟೇಲ್ಸ್ ನೋಡಿ, ಮಸುಕು ಯಾವ ಜಾತಿದು, ಬೆಳಕು ಎಲ್ಲಿಂದ ಬಂದಿತ್ತು, ಏನು ಬದಲಾಯಿಸಿದ್ದರೆ ಸರಿಹೋಗುತ್ತಿತ್ತು ಅಂತ ಒಂದು ಸಾಲು ಬರೆಯಿರಿ. ಅರ್ಥ ಆಗದಿದ್ದರೆ ಭಾನುವಾರ ಸಂಜೆ ನಮ್ಮ ರೂಮಿಗೆ ತಗೊಂಡು ಬನ್ನಿ. ಒಳ್ಳೆ ಫೋಟೋ ಬೇಡ, ಕೆಟ್ಟದ್ದೇ ತನ್ನಿ.